ಕೊನೆಯ ಉಂಗುರದವರೆಗೆ ಸೊನ್ನೆ

ಆ ಊರಿನಲ್ಲಿ ಗೋಡೆಗಳು ಗೊಣಗುತ್ತಿದ್ದವು.

ಪ್ರತಿ ಮನೆಯ ನಡುಗೋಡೆಯಲ್ಲೂ ಗೂಡುಗಳಿದ್ದವು, ಮನೆಯಲ್ಲಿ ಎಷ್ಟು ಜನರೋ ಅಷ್ಟು. ಪ್ರತಿ ಗೂಡಿನಲ್ಲೂ ಒಂದು ತಗಡಿನ ಡಬ್ಬಿ, ಡಬ್ಬಿಗೆ ನಾಲ್ಕು ತಿರುಪು, ಒಳಗೆ ಕನ್ನಡಿಯಂಥ ಒಂದು ಕಬ್ಬಿಣದ ತಟ್ಟೆ. ತಟ್ಟೆ ಒಂದೇ ಸಮನೆ ತಿರುಗುತ್ತಿತ್ತು. ಅದರ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಒಂದು ಮುಳ್ಳು ಅತ್ತಿತ್ತ ಆಡುತ್ತಿತ್ತು. ಗೂಡಿನ ಒಡೆಯರು ಆಡಿದ ಮಾತು, ಉಂಡ ಊಟ, ನಡೆದ ದಾರಿ, ಎಲ್ಲವನ್ನೂ ಮುಳ್ಳು ತಟ್ಟೆಗೆ ಇಳಿಸುತ್ತಿತ್ತು, ಒಂದರೊಳಗೊಂದು ಉಂಗುರಗಳಲ್ಲಿ, ಉಂಗುರದ ಮನೆ ಮನೆಯಲ್ಲಿ. ಊರಿಗೆ ಇದ್ದದ್ದು ಒಂದೇ ಕಟ್ಟಳೆ: ತಟ್ಟೆಯಲ್ಲಿ ಇರುವುದು ಆದದ್ದು, ತಟ್ಟೆಯಲ್ಲಿ ಇಲ್ಲದ್ದು ಆಗದೇ ಇದ್ದದ್ದು.

ಸತ್ತವರ ತಟ್ಟೆಯನ್ನು ಯಾರೂ ಹೂಳುತ್ತಿರಲಿಲ್ಲ. ಊರ ನಡುವಿನ ತಟ್ಟೆಮನೆಗೆ ಒಯ್ಯುತ್ತಿದ್ದರು. ಅಲ್ಲಿ ಒರೆಸುವವನು ಅದನ್ನು ಒರೆಸುತ್ತಿದ್ದ, ಹಿರಿಯ ಗೆರೆಗಾರ ಅದರ ಮೇಲೆ ಹೊಸದಾಗಿ ಗೆರೆ ಎಳೆಯುತ್ತಿದ್ದ. ಆಮೇಲೆ ಅದು ಹುಟ್ಟಿದ ಮಗುವಿನ ಪಾಲು. ಗಡಿಗೆ ಓಣಿಯ ತಟ್ಟೆ ಗಡಿಗೆ ಓಣಿಗೆ, ಗಾಣದ ಓಣಿಯದು ಗಾಣದ ಓಣಿಗೆ, ಬೂದಿ ಓಣಿಯದು ಬೂದಿ ಓಣಿಗೆ. ಮಗುವಿಗೆ ಹನ್ನೊಂದು ದಿನವಾದಾಗ ತಟ್ಟೆ ಕೇಳುವ ಶಾಸ್ತ್ರ. ಊರೆಲ್ಲ ನೆರೆಯುತ್ತಿತ್ತು. ಹಿರಿಯ ಗೆರೆಗಾರ ತಟ್ಟೆಯ ಮೇಲೆ ಮುಳ್ಳು ಇಟ್ಟು ಮೂರು ಸಲ ಕೇಳುತ್ತಿದ್ದ: "ತಟ್ಟೆಯೇ, ನೀನು ಯಾರದು?" ಒರೆಸಿದ ತಟ್ಟೆ, ಹೊಸ ಗೆರೆ ಎಳೆದ ತಟ್ಟೆ, ಖಾಲಿ ಎಂದು ಎಲ್ಲರೂ ಕಣ್ಣಾರೆ ಕಂಡ ತಟ್ಟೆ, ಒಳಗಿನಿಂದ ಗೊಣಗುತ್ತಿತ್ತು. ಒಂದರಲ್ಲಿ ಗಾಣದ ಕಿರುಗುಟ್ಟುವಿಕೆ, ಇನ್ನೊಂದರಲ್ಲಿ ಮಣ್ಣು ತುಳಿಯುವ ಸದ್ದು. ಏನು ಕೇಳಿಸಿತೋ ಅದೇ ಮಗುವಿನ ಕೆಲಸ. ಆ ಕೆಲಸವೇ ಮಗುವನ್ನು ಕರೆಯುವ ಹೆಸರು. ಇದನ್ನು ಊರು ಹಣೆಬರಹ ಎನ್ನುತ್ತಿತ್ತು.

ಬೂದಿಯವಳ ಶಾಸ್ತ್ರದ ದಿನ ಅವಳ ತಟ್ಟೆ, "ಬೂದಿ ಇದೆಯಾ, ಬೂದಿ?" ಎಂದು ಗೊಣಗಿತ್ತಂತೆ. ಅಂದಿನಿಂದ ಅವಳು ಬೂದಿಯವಳು. ಅವಳ ಅವ್ವನೂ ಬೂದಿಯವಳು, ಅವ್ವನ ಅವ್ವನೂ ಬೂದಿಯವಳು, ಮಗಳೂ ಬೂದಿಯವಳು. ಊರಿನ ಒಲೆಗಳ ಬೂದಿಯನ್ನು ಬುಟ್ಟಿಗೆ ತುಂಬಿಕೊಂಡು, ಕೊಳೆಯನ್ನು ಊರಾಚೆ ಚೆಲ್ಲಿ, ಒಳ್ಳೆಯದನ್ನು ಮೂರು ಸಲ ಜರಡಿ ಹಿಡಿದು ತಟ್ಟೆಮನೆಯ ಹಿಂಬಾಗಿಲಿಗೆ ಕೊಡುವುದು ಅವಳ ಪಾಲಿನ ಕೆಲಸ. ತಟ್ಟೆಗಳಿಗೆ ಹೊಳಪು ಕೊಡಲು ಆ ಬೂದಿಯೇ ಬೇಕು. ಮೂವತ್ತು ವರ್ಷ ಅವಳು ಆ ಹಿಂಬಾಗಿಲಲ್ಲಿ ಕೂತಿದ್ದಳು. ಅವಳ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲೊಂದು ಚಪ್ಪಡಿ ಇತ್ತು. ಅವಳು ಅದರ ಮೇಲೆ ಇಡಬೇಕು, ಅವರು ಅದರ ಮೇಲಿನಿಂದ ಎತ್ತಿಕೊಳ್ಳಬೇಕು.

ಅವಳಿಗೆ ಮೊಮ್ಮಗಳು ಹುಟ್ಟಿದ ಮಾರನೆಯ ದಿನದಿಂದ ತಟ್ಟೆಮನೆಗೆ ಬೂದಿ ಬರುವುದು ನಿಂತಿತು.

ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಮೂರನೆಯ ದಿನ ಹಿರಿಯ ಗೆರೆಗಾರ ಅವಳನ್ನು ತಟ್ಟೆಮನೆಯ ಜಗಲಿಯ ಮುಂದೆ ಕರೆಸಿದ. ಬೂದಿ ಓಣಿಯವರೆಲ್ಲ ಅವನನ್ನು 'ಬುದ್ಧಿ' ಎನ್ನುತ್ತಿದ್ದರು. ಅವಳೊಬ್ಬಳು ಮಾತ್ರ 'ಹಿರಿಯರೇ' ಎನ್ನುತ್ತಿದ್ದಳು. ವಯಸ್ಸಿಗೆ ಕೊಡಬೇಕಾದಷ್ಟನ್ನು ಕೊಡುತ್ತಿದ್ದಳು, ಅದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ.

"ಮೂರು ದಿನದಿಂದ ಬೂದಿ ಬಂದಿಲ್ಲ," ಅಂದ ಅವನು.

"ಬಂದಿಲ್ಲ."

"ತಟ್ಟೆಗಳು ಮಂಕಾಗಿವೆ. ಮುಳ್ಳು ಗೀರ್ತಾ ಇದೆ."

"ಗೀರುತ್ತೆ ಹಿರಿಯರೇ. ಜರಡಿ ಹಿಡಿಯದ ಬೂದಿ ಹಾಕಿ ನೋಡಿ, ಇನ್ನೂ ಗೀರುತ್ತೆ."

"ಏನು ಬೇಕು ನಿನಗೆ, ಅದನ್ನ ಹೇಳು."

"ನನ್ನ ಮೊಮ್ಮಗಳ ಪಾಲಿಗೆ ಬಂದಿರೋದು ನಮ್ಮವ್ವನ ತಟ್ಟೆ. ಅದನ್ನ ನಾನೇ ಒರೆಸ್ತೀನಿ."

ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತಿದ್ದ ಒರೆಸುವವನು ನಕ್ಕುಬಿಟ್ಟ. ಅವನು ಕೆಟ್ಟವನಲ್ಲ. ಅವಸರದವನು. "ಒರೆಸೋಕೆ ಏನಕ್ಕ ಇದೆ ಅದರಲ್ಲಿ? ಅವತ್ತೇ ಒರೆಸಿ ಇಟ್ಟಿದ್ದೀನಿ. ಬಾಯಿಗೆ ಹಾಕ್ಕೊಂಡ ಎಲೆ ಕೆಂಪಾಗೋದ್ರೊಳಗೆ ಎರಡು ತಟ್ಟೆ ಮುಗಿಸೋನು ನಾನು."

"ಹೇಗೆ ಮುಗಿಸ್ತೀಯ, ಹೇಳು ತಮ್ಮಾ."

"ಹೇಗೆ ಅಂದ್ರೆ? ಮೊದಲನೇ ಉಂಗುರದಲ್ಲಿ ಪಟ್ಟಿ ಇರುತ್ತೆ. ಯಾವ ಮಾತು ಎಲ್ಲಿದೆ, ಯಾವ ದಾರಿ ಎಲ್ಲಿದೆ ಅಂತ. ಅದನ್ನ ಉಜ್ಜಿ ತೆಗೀತೀನಿ. ಪಟ್ಟಿ ಹೋಯ್ತು, ತಟ್ಟೆ ಖಾಲಿ."

"ಬಾಗಿಲ ಮೇಲಿನ ಹಲಗೆ ಕಿತ್ತುಹಾಕಿ, ಮನೆ ಖಾಲಿ ಆಯ್ತು ಅಂತೀಯ. ಒಳಗಿದ್ದೋರು ಎಲ್ಲಿಗೆ ಹೋದ್ರು? ಒಳಗೇ ಕೂತು ಗೊಣಗ್ತಾ ಇದ್ದಾರೆ. ನಾಳೆ ಬರೋ ಮಗು ಅದನ್ನ ತನ್ನ ಮಾತು ಅಂದ್ಕೊಳ್ಳುತ್ತೆ."

ಹಿರಿಯ ಗೆರೆಗಾರ ಕಣ್ಣು ಕಿರಿದು ಮಾಡಿದ. "ಇದನ್ನ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಓದಿದೆ."

ಬೂದಿ ಓಣಿಯವಳೊಬ್ಬಳು ಆ ಜಗಲಿಯ ಮುಂದೆ ನಿಂತು 'ಓದಿದೆ' ಅಂದದ್ದು ಅದೇ ಮೊದಲು. ಅವಳು ಓದಲು ಕಲಿತದ್ದು ಹೀಗೆ: ಓಣಿ ಓಣಿಯ ತಲೆಬಾಗಿಲಲ್ಲೂ ಹಲಗೆ ಇತ್ತು. 'ಬೂದಿ ಓಣಿ' ಎಂಬ ಹಲಗೆಯ ಬಾಲವೂ 'ಗಾಣದ ಓಣಿ' ಎಂಬ ಹಲಗೆಯ ಬಾಲವೂ ಒಂದೇ ತರ ಇರುವುದನ್ನು ಅವಳು ಬುಟ್ಟಿ ಹೊತ್ತು ನಿಂತಾಗ ಕಂಡಳು. ಎರಡು ಅಕ್ಷರ ಸಿಕ್ಕಿತು. ಎರಡು ಸಿಕ್ಕ ಮೇಲೆ ಉಳಿದವು ಎಷ್ಟು ದಿನ ಬಚ್ಚಿಟ್ಟುಕೊಂಡಾವು? ಹನ್ನೊಂದು ವರ್ಷ. ಆಮೇಲೆ ಒಂದು ದಿನ ತಟ್ಟೆಮನೆಯವರು ಗೆದ್ದಲು ಹಿಡಿದ ಹಳೆಯ ಗೆರೆಪುಸ್ತಕವನ್ನು ಸುಡಲು ಅವಳ ಚಪ್ಪಡಿಯ ಮೇಲೆ ಇಟ್ಟರು.

"ಅದು ಸುಡೋಕೆ ಕೊಟ್ಟಿದ್ದು," ಅಂದ ಹಿರಿಯ ಗೆರೆಗಾರ.

"ಸುಟ್ಟೆ. ಓದಿದ ಮೇಲೆ ಸುಟ್ಟೆ. ಒಂದು ಹಾಳೆ ಹೀಗಿತ್ತು ಹಿರಿಯರೇ: 'ಪಟ್ಟಿ ಅಳಿಸುವುದು ಅವಸರಕ್ಕೆ. ಮೊದಲ ಉಂಗುರದಿಂದ ಕೊನೆಯ ಉಂಗುರದವರೆಗೆ ಒಂದೊಂದು ಮನೆಗೂ ಸೊನ್ನೆ ಹಾಕುವುದು ಒರೆಸುವಿಕೆ. ಕೆಟ್ಟ ಜಾಗ ಸಿಕ್ಕರೆ ಗುರುತು ಹಾಕಿ ಮುಂದೆ ಹೋಗಬೇಕು. ನಡುವೆ ನಿಲ್ಲಿಸಬಾರದು; ಅರ್ಧ ಒರೆಸಿದ ತಟ್ಟೆ ಹಳೆಯದೂ ಅಲ್ಲ, ಹೊಸದೂ ಅಲ್ಲ.' ಆ ಹಾಳೆ ಎಲ್ಲರಿಗೂ ಬೇಸರ ಬರಿಸಿರಬೇಕು. ಗೆದ್ದಲು ಕೂಡ ಅದನ್ನ ಮುಟ್ಟಿರಲಿಲ್ಲ."

ಒರೆಸುವವನಿಗೆ ನಗು ಬಂತು. ಹಿರಿಯ ಗೆರೆಗಾರನ ಮುಖ ನೋಡಿ ನುಂಗಿಕೊಂಡ.

"ಒರೆಸಿದರೂ ಹೋಗೋದಲ್ಲ ಅದು," ಅಂದ ಹಿರಿಯ ಗೆರೆಗಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸೂರ್ಯ ಮೂಡುವ ದಿಕ್ಕನ್ನು ಹೇಳುವವನ ಹಾಗೆ ಹೇಳಿದ. "ನಿಮ್ಮ ಓಣಿಯ ತಟ್ಟೆಗಳಲ್ಲಿ ಬೂದಿ ಕೊನೆಯ ಉಂಗುರದವರೆಗೆ ಬರೆದಿದೆ. ಮೇಲೆ ಮೇಲೆ ಅಲ್ಲ, ಕಬ್ಬಿಣದೊಳಗೆ ಇಳಿದಿದೆ."

"ಕೊನೆಯ ಉಂಗುರದವರೆಗೆ ಹೋಗಿ ನೋಡಿದ್ದೀರಾ?"

"ನೋಡಬೇಕಾಗಿಲ್ಲ. ಗೊತ್ತಿರೋ ವಿಷಯ."

"ಹಾಗಾದ್ರೆ ನಾನು ಹೋಗಿ ನೋಡಿ ಬರ್ತೀನಿ."

ಬೂದಿಯಿಲ್ಲದೆ ತಟ್ಟೆಮನೆ ನಡೆಯದು. ಹಿರಿಯ ಗೆರೆಗಾರ ಒಪ್ಪಿದ, ಒಂದು ಷರತ್ತಿನ ಮೇಲೆ. ಶಾಸ್ತ್ರದ ಹಿಂದಿನ ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಸಮಯ. ಅಷ್ಟರಲ್ಲಿ ಮುಗಿಯದಿದ್ದರೆ, ತಟ್ಟೆ ಕೆಟ್ಟರೆ, ಆ ಮಗುವಿಗೆ ಬೇರೆ ತಟ್ಟೆ ಇಲ್ಲ.

ಆ ಮಾತು ಕೇಳಿ ಮಗಳು ಮಗುವನ್ನು ಎದೆಗೆ ಅವಚಿಕೊಂಡಳು. "ಅವ್ವ, ಬೂದಿ ಹೊತ್ತಾದರೂ ಬದುಕ್ತಾಳೆ. ನಾನು ಬದುಕಿಲ್ವಾ? ತಟ್ಟೆಯೇ ಇಲ್ಲ ಅಂದ್ರೆ ಇವಳು ಹುಟ್ಟೇ ಇಲ್ಲ ಅಂತಾರೆ. ಇವಳು ಅತ್ತರೆ ಯಾರೂ ತಿರುಗಿ ನೋಡಲ್ಲ."

"ಹುಟ್ಟಿದ್ದಾಳೆ. ನನ್ನ ಈ ಎರಡು ಕೈಗೇ ಬಿದ್ದದ್ದು."

"ನಿನ್ನ ಕೈಯಲ್ಲಿ ಯಾವ ಮುಳ್ಳು ಬರೆದಿದೆ?"

ಬೂದಿಯವಳು ಅಂಗೈ ತಿರುಗಿಸಿ ನೋಡಿಕೊಂಡಳು. ಅಲ್ಲಿ ಬೂದಿ ಇಳಿದ ಗೆರೆಗಳು ಕಪ್ಪಗೆ, ಒಂದರ ಪಕ್ಕ ಒಂದು ಇದ್ದವು.

ಹತ್ತನೆಯ ದಿನ, ಬಿಸಿಲಿನ ಮೊದಲ ತುಣುಕು ಮಾಡಿನ ಬೆಳಕಿಂಡಿಯಿಂದ ತಟ್ಟೆಮನೆಯ ಪಡುಗೋಡೆಗೆ ತಾಕಿದಾಗ, ಹಿರಿಯ ಗೆರೆಗಾರ ಡಬ್ಬಿಯನ್ನು ತಂದು ಚಪ್ಪಡಿಯ ಮೇಲೆ ಇಟ್ಟ. ಅವಳು ಎತ್ತಿಕೊಂಡು ಹೊಸಿಲು ದಾಟಿ ಒಳಗೆ ಬಂದಳು. ಅವಳು ನಾಲ್ಕು ತಿರುಪು ಬಿಚ್ಚಿದಳು. ತಟ್ಟೆಯನ್ನು ಒರೆಸುವ ಚಕ್ರದ ಅಚ್ಚಿಗೆ ಏರಿಸಿದಳು. ಕಾಲಿನ ಹಲಗೆ ತುಳಿದಳು. ಮುಳ್ಳು ಇಳಿಸಿದಳು.

"ಬೂದಿ ಇದೆಯಾ, ಬೂದಿ?" ಅಂದಿತು ತಟ್ಟೆ.

ಅವಳು ಮುಳ್ಳಿನ ಬುಡದಲ್ಲಿದ್ದ ಹಿತ್ತಾಳೆಯ ಗುಂಡಿ ಒತ್ತಿದಳು. ಹನಿ ನೀರು ಬಾವಿಗೆ ಬಿದ್ದ ಹಾಗೆ ಒಂದು ಸದ್ದು. ಸೊನ್ನೆ. ಮುಂದಿನ ಮನೆ. ಗೊಣಗಾಟ. ಗುಂಡಿ. ಸೊನ್ನೆ. ಮುಂದಿನ ಮನೆ. ಮುನ್ನೂರು ಉಂಗುರ. ಒಂದೊಂದು ಉಂಗುರಕ್ಕೂ ಹನ್ನೆರಡು ಮನೆ. ಮೊದಲು ಕೇಳಬೇಕು, ಆಮೇಲೆ ಅಳಿಸಬೇಕು; ಕೇಳದೆ ಅಳಿಸುವ ದಾರಿ ಆ ಮುಳ್ಳಿಗೆ ಗೊತ್ತಿರಲಿಲ್ಲ.

ಕೇಳುತ್ತ ಕೇಳುತ್ತ ಅವಳಿಗೆ ಒಂದು ವಿಷಯ ತಿಳಿಯಿತು. ಎಷ್ಟೋ ತಲೆಮಾರಿನ ಬೂದಿಯವರು ಆ ತಟ್ಟೆಯಲ್ಲಿದ್ದರು, ಒಬ್ಬರ ಮೇಲೆ ಒಬ್ಬರು, ಒಬ್ಬರ ಪಕ್ಕ ಒಬ್ಬರು. ಆದರೆ ಅಲ್ಲಿ ತುಂಬಿದ್ದದ್ದು ಅವರ ಮಾತಲ್ಲ. "ದೂರ ನಿಲ್ಲು." ಸೊನ್ನೆ. "ಅಲ್ಲಿ ಇಡು." ಸೊನ್ನೆ. "ಹಿಂದಿನಿಂದ ಬಾ." ಸೊನ್ನೆ. "ದೂರ ನಿಲ್ಲು ಅಂದೆನಲ್ಲ." ಸೊನ್ನೆ. ಬೇರೆಯವರು ಆಡಿದ ಮಾತೇ ಉಂಗುರ ಉಂಗುರದಲ್ಲೂ ಬೇರು ಬಿಟ್ಟು ಕೂತಿತ್ತು. ನಡುವೆ ಎಲ್ಲೋ ಒಂದು ಕೆಮ್ಮು, ಒಂದು ಆಕಳಿಕೆ, ಬುಟ್ಟಿ ಇಳಿಸಿದಾಗಿನ ಒಂದು ನಿಟ್ಟುಸಿರು, ಅಷ್ಟು ಅವರದು.

ಒರೆಸುವವನು ಬಾಗಿಲಲ್ಲಿ ಕೂತು ನೋಡುತ್ತಿದ್ದ. ನೂರಾ ಹದಿನೇಳನೆಯ ಉಂಗುರದಲ್ಲಿ ಮುಳ್ಳು ಟಕ್ ಎಂದಿತು. ಇನ್ನೊಮ್ಮೆ ಟಕ್. ಅವನು ಎದ್ದು ನಿಂತ.

"ಮುಗೀತಲ್ಲ ಅಕ್ಕ. ಟಕ್ ಅಂದ ತಟ್ಟೆ ತಿಪ್ಪೆಗೆ. ಒಂದು ಮನೆ ಕೆಟ್ಟಿದ್ರೆ ಇಡೀ ತಟ್ಟೆ ಕೆಟ್ಟ ಹಾಗೇ."

"ಊರೊಳಗೆ ಒಂದು ಹಾಳುಬಾವಿ ಇದ್ರೆ ಊರು ಬಿಟ್ಟು ಹೋಗ್ತೀಯಾ?"

"ಅದು ಹೇಗೆ ಆಗುತ್ತೆ? ಸುತ್ತ ಕಟ್ಟೆ ಕಟ್ತೀವಿ. ಪಕ್ಕದಲ್ಲಿ ನಡೀತೀವಿ."

"ನೋಡು, ನಿನಗೂ ಗೊತ್ತಿದೆ," ಅಂದಳು. ಪೊರಕೆಯ ಕಡ್ಡಿಯನ್ನು ಕೆಮ್ಮಣ್ಣಿಗೆ ಅದ್ದಿ, ಕೆಟ್ಟ ಮನೆಯ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟಳು. ಮುಳ್ಳನ್ನು ಎತ್ತಿ ಚುಕ್ಕೆಯ ಆಚೆ ಇಳಿಸಿದಳು. ತಟ್ಟೆ ತಿರುಗಿತು. ಗೊಣಗಾಟ. ಸೊನ್ನೆ.

ತಿಪ್ಪೆಗೆ ಹೋದ ತಟ್ಟೆಗಳೆಷ್ಟು ಎಂದು ಒರೆಸುವವನು ಮನಸ್ಸಿನಲ್ಲೇ ಎಣಿಸಲು ಹೋಗಿ, ಅರ್ಧಕ್ಕೆ ಬಿಟ್ಟ.

ಬೆಳಕಿನ ತುಣುಕು ಗೋಡೆಯಿಂದ ನೆಲಕ್ಕಿಳಿದು ಅವಳ ಹಿಂದೆ ತೆವಳುತ್ತಿತ್ತು. ನೂರಾ ಅರವತ್ತರ ಹೊತ್ತಿಗೆ ಅವಳ ಬಲಗಾಲಿನ ಮೀನಖಂಡ ಗಂಟು ಕಟ್ಟಿತು. ಎಡಗಾಲಲ್ಲಿ ತುಳಿದಳು. ಅದೂ ಗಂಟು ಕಟ್ಟಿತು. ಚಕ್ರ ನಿಧಾನವಾಯಿತು, ತಟ್ಟೆಯ ದನಿ ಕುಗ್ಗಿ ಕುಗ್ಗಿ ಎಮ್ಮೆಯ ಗುಟುರಿನಂತಾಯಿತು. ಹಿಂಬಾಗಿಲಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗಳು ಅರ್ಧ ಎದ್ದು ನಿಂತಳು. ನಿಂತರೆ ಹಳೆಯದೂ ಅಲ್ಲ, ಹೊಸದೂ ಅಲ್ಲ.

"ಜರುಗು ಅಕ್ಕ," ಅಂದ ಒರೆಸುವವನು. ಅವನು ತಾನೇ ಬಂದು ಹಲಗೆಯ ಮೇಲೆ ಕಾಲಿಟ್ಟಿದ್ದ. "ನೀನು ಮೇಲಿನದು ನೋಡ್ಕೋ. ಕೆಳಗಿನದು ನಾನು ನೋಡ್ಕೋತೀನಿ."

"ಬೂದಿ ಅಂಟುತ್ತೆ ತಮ್ಮಾ."

"ಅಂಟಿದ್ರೆ ತೊಳ್ಕೋತೀನಿ. ಕಾಲು ನಂದು ತಾನೇ?"

ಚಕ್ರಕ್ಕೆ ಜೀವ ಬಂತು. ಅವನೂ ಈಗ ಕೇಳತೊಡಗಿದ. ಹತ್ತಿರ ಕೂತವನಿಗೆ ಕೇಳದೆ ಗತಿಯಿರಲಿಲ್ಲ. ದೂರ ನಿಲ್ಲು. ಅಲ್ಲಿ ಇಡು. ದೂರ ನಿಲ್ಲು. ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತದೆ ಹೇಳಿದ: "ನನಗೊಂದು ಚಾಳಿ ಇದೆ ಅಕ್ಕ. ಯಾರಿಗೂ ಹೇಳಿಲ್ಲ. ಯಾರಾದ್ರೂ ಬಾಗಿಲು ತಟ್ಟಿದ್ರೆ ನನ್ನ ಎದೆ ಹೊಡ್ಕೊಳ್ಳುತ್ತೆ. ಹಾಲಿನವಳು ತಟ್ಟಿದ್ರೂ ಅಷ್ಟೇ. ನನಗೆ ಅಂಥದ್ದೇನೂ ಆಗಿಲ್ಲ."

"ನಿನಗೆ ಆಗಿಲ್ಲ. ನಿನ್ನ ತಟ್ಟೆ ಮುಂಚೆ ಯಾರದಾಗಿತ್ತೋ, ಅವರ ಬಾಗಿಲನ್ನ ಯಾರೋ ತಟ್ಟಿರಬೇಕು."

ಅವನು ತುಳಿಯುವ ವೇಗ ಹೆಚ್ಚಿತು.

ಇನ್ನೂರ ಹನ್ನೆರಡನೆಯ ಉಂಗುರಕ್ಕೆ ಮುಳ್ಳು ಇಳಿದಾಗ ತಟ್ಟೆ ಗೊಣಗಲಿಲ್ಲ. ಬಿಡಿಸಿ ಬಿಡಿಸಿ, ನಗುನಗುತ್ತ, ಹತ್ತಿರ ಕೂತವರಿಗೆ ಹೇಳುವ ಹಾಗೆ ಹೇಳಿತು: "ಗೆಣಸು ಬೆಂದಿದೆ, ಬಾ. ಸಿಪ್ಪೆ ಸುಲಿದು ಕೊಡ್ತೀನಿ."

ಬೂದಿಯವಳ ಬೆರಳು ಗುಂಡಿಯ ಮೇಲೇ ನಿಂತಿತು.

ಅವ್ವ. ಒಲೆ ಒಲೆಯ ಬೂದಿಯಲ್ಲಿ ಇನ್ನೂ ಬಿಸಿ ಇರುವುದನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಹುಡುಕಿ, ಅದರಲ್ಲಿ ಗೆಣಸು ಹೂತಿಟ್ಟು, ಊರು ಸುತ್ತಿ ಬಂದು ತೆಗೆದುಕೊಡುತ್ತಿದ್ದ ಅವ್ವ. ತಟ್ಟೆ ತಿರುಗಿತು. ಮುಳ್ಳು ಅದೇ ಮನೆಗೆ ಬಂತು. "ಗೆಣಸು ಬೆಂದಿದೆ, ಬಾ." ಇನ್ನೊಂದು ಸುತ್ತು. "ಸಿಪ್ಪೆ ಸುಲಿದು ಕೊಡ್ತೀನಿ." ಬೆಳಕಿನ ತುಣುಕು ಮೂಡುಗೋಡೆಯ ಬುಡ ಮುಟ್ಟಿತ್ತು.

"ಇದೊಂದು ಇರಲಿ ಬಿಡಕ್ಕ," ಅಂದ ಒರೆಸುವವನು ಮೆಲ್ಲಗೆ. "ಮುನ್ನೂರರಲ್ಲಿ ಒಂದು ಉಂಗುರ. ಯಾರಿಗೆ ಗೊತ್ತಾಗುತ್ತೆ?"

ಅವಳಿಗೂ ಬಾಯಿಗೆ ಬಂದ ಮಾತು ಅದೇ. ಆದರೆ ನಾಳೆ ಹಿರಿಯ ಗೆರೆಗಾರ ಕೇಳುತ್ತಾನೆ, ನೀನು ಯಾರದು ಎಂದು. ತಟ್ಟೆ ಹೇಳುತ್ತದೆ, ಗೆಣಸು ಬೆಂದಿದೆ ಎಂದು. ಯಾವುದರಲ್ಲಿ ಬೆಂದಿದೆ ಎಂದು ಊರು ಕೇಳುತ್ತದೆ. ಮಗುವಿನ ಕೈಗೆ ಬುಟ್ಟಿ ಬರುತ್ತದೆ. ಅವ್ವನ ಮುದ್ದಿನ ಮಾತೇ ಮರಿಮೊಮ್ಮಗಳ ಕಾಲಿಗೆ ಹಗ್ಗವಾಗುತ್ತದೆ.

ಅವಳು ತಟ್ಟೆಯ ಜೊತೆ ತಾನೂ ಹೇಳಿದಳು: "ಗೆಣಸು ಬೆಂದಿದೆ, ಬಾ. ಸಿಪ್ಪೆ ಸುಲಿದು ಕೊಡ್ತೀನಿ." ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಯಾವುದು ತಟ್ಟೆಯ ದನಿ, ಯಾವುದು ತನ್ನದು ಎಂದು ತನಗೇ ತಿಳಿಯದೆ ಹೋಗುವವರೆಗೆ ಹೇಳಿದಳು. ತಟ್ಟೆಯಲ್ಲಿ ಇಲ್ಲದ್ದು ಆಗದೇ ಇದ್ದದ್ದು ಎನ್ನುವ ಊರಿನ ನಟ್ಟನಡುವೆ ಕೂತು, ಆ ಮಾತನ್ನು ತಟ್ಟೆಯಿಂದ ಬಾಯಿಗೆ ತೆಗೆದುಕೊಂಡಳು. ಗುಂಡಿ ಒತ್ತಿದಳು.

ಹನಿ ಬಿತ್ತು. ಸೊನ್ನೆ.

"ತುಳಿ ತಮ್ಮಾ," ಅಂದಳು.

ಇನ್ನೂರ ಐವತ್ತು. ಇನ್ನೂರ ಎಪ್ಪತ್ತು. ಇನ್ನೆರಡು ಕಡೆ ಮುಳ್ಳು ಟಕ್ ಎಂದಿತು, ಇನ್ನೆರಡು ಕೆಂಪು ಚುಕ್ಕೆ ಬಿತ್ತು. ಬೆಳಕಿನ ತುಣುಕು ಮೂಡುಗೋಡೆಯನ್ನು ಏರತೊಡಗಿತು. ಇನ್ನೂರ ತೊಂಬತ್ತು. "ದೂರ ನಿಲ್ಲು." ಸೊನ್ನೆ. ಇನ್ನೂರ ತೊಂಬತ್ತೊಂದು.

ಸದ್ದಿಲ್ಲ.

ಅವಳು ಮುಳ್ಳನ್ನು ಉಗುರಿನಿಂದ ತಟ್ಟಿದಳು. ಮುರಿದಿರಲಿಲ್ಲ. ಹಿಂದಿನ ಉಂಗುರಕ್ಕೆ ಒಯ್ದಳು, ಅಲ್ಲಿ ತಾನು ಹಾಕಿದ ಸೊನ್ನೆಯ ಹನಿ ಕೇಳಿಸಿತು. ಮತ್ತೆ ಮುಂದಕ್ಕೆ ತಂದಳು. ಇನ್ನೂರ ತೊಂಬತ್ತೊಂದು, ಸದ್ದಿಲ್ಲ. ತೊಂಬತ್ತೆರಡು, ಸದ್ದಿಲ್ಲ. ತೊಂಬತ್ಮೂರು, ತೊಂಬತ್ನಾಲ್ಕು. ಕೆಮ್ಮಿಲ್ಲ, ಬೈಗುಳವಿಲ್ಲ, ಬೂದಿಯಿಲ್ಲ. ಕಬ್ಬಿಣ ಕನ್ನಡಿಯ ಹಾಗೆ ನುಣ್ಣಗಿತ್ತು, ಕುಲುಮೆಯಿಂದ ಬಂದ ದಿನ ಹೇಗಿತ್ತೋ ಹಾಗೆ. ಅಷ್ಟು ತಲೆಮಾರು ಹುಟ್ಟಿ ಸತ್ತರೂ ಮುಳ್ಳು ಅಲ್ಲಿಗೆ ಕಾಲಿಟ್ಟಿರಲಿಲ್ಲ.

"ಏನಾಯ್ತು ಅಕ್ಕ?" ಒರೆಸುವವನು ಗಾಬರಿಯಿಂದ ಕೇಳಿದ. "ಯಾಕೆ ಸುಮ್ಮನಾಯ್ತು?"

"ಇಲ್ಲಿ ಏನೂ ಬರೆದಿಲ್ಲ ಕಣೋ." ಅವಳು ನಗುತ್ತಿದ್ದಳು. ಕಣ್ಣಿಂದ ಇಳಿದದ್ದು ಕೆನ್ನೆಯ ಬೂದಿಯ ಮೇಲೆ ಎರಡು ದಾರಿ ಕೊರೆದಿತ್ತು. "ಕೊನೆಯ ಉಂಗುರದವರೆಗೆ ಬರೆದಿದೆ ಅಂದ್ರಲ್ಲ. ಇಲ್ಲಿಗೆ ಯಾರೂ ಬಂದೇ ಇಲ್ಲ. ನಮ್ಮವರೂ ಬಂದಿಲ್ಲ, ದೂರ ನಿಲ್ಲು ಅಂದೋರೂ ಬಂದಿಲ್ಲ. ಮೊದಲ ಉಂಗುರದಲ್ಲಿ ನಿಂತ್ಕೊಂಡೇ ಕೊನೆಯದರ ಸುದ್ದಿ ಹೇಳ್ತಾ ಇದ್ರು."

ಆದರೂ ಆ ಹತ್ತು ಉಂಗುರಗಳಿಗೂ ಸೊನ್ನೆ ಹಾಕಿದಳು. ಹಾಳೆ ಹಾಗೆ ಹೇಳಿತ್ತು. ಮುನ್ನೂರು ಮುಗಿದಾಗ ಬೆಳಕಿನ ತುಣುಕು ಮಾಡಿಗೆ ಒಂದು ಗೇಣು ಕೆಳಗಿತ್ತು. ಅವಳು ಗೆರೆಕಡ್ಡಿ ಎತ್ತಿಕೊಂಡಳು. ಅದನ್ನು ಮುಟ್ಟಬಾರದು ಎಂದು ಹಿರಿಯ ಗೆರೆಗಾರ ಹೇಳಿರಲಿಲ್ಲ. ಅವಳು ಮುಟ್ಟಿಯಾಳು ಎಂದು ಅವನಿಗೆ ತೋಚಿರಲೇ ಇಲ್ಲ. ಮೂವತ್ತು ವರ್ಷ ಹಿಂಬಾಗಿಲಿಂದ ನೋಡಿದ್ದನ್ನು ಕೈ ಒಂದೇ ಸಲಕ್ಕೆ ಮಾಡಿತು. ಉಂಗುರ ಉಂಗುರಕ್ಕೂ ಗೆರೆ, ಕೆಂಪು ಚುಕ್ಕೆ ಬಂದಲ್ಲಿ ಬಳಸಿ ಗೆರೆ. ಮೊದಲ ಉಂಗುರದಲ್ಲಿ ಹೊಸ ಪಟ್ಟಿ. ಪಟ್ಟಿಯ ಮೊದಲ ಸಾಲು ಕೆಲಸದ್ದು. ಅದನ್ನು ಖಾಲಿ ಬಿಟ್ಟಳು. ನಾಲ್ಕು ತಿರುಪು ಬಿಗಿದಳು. ಬಿಸಿಲು ಆರುವ ಮೊದಲು ಡಬ್ಬಿ ಚಪ್ಪಡಿಯ ಮೇಲಿತ್ತು.

ಹನ್ನೊಂದನೆಯ ದಿನ ಊರು ನೆರೆಯಿತು. ಗಡಿಗೆ ಓಣಿ, ಗಾಣದ ಓಣಿ, ಬೂದಿ ಓಣಿ, ತಮ್ಮ ತಮ್ಮ ದೂರದಲ್ಲಿ ನಿಂತವು. ಹಿರಿಯ ಗೆರೆಗಾರ ಮುಳ್ಳು ಇಳಿಸಿದ.

"ತಟ್ಟೆಯೇ, ನೀನು ಯಾರದು?"

ತಟ್ಟೆ ತಿರುಗಿತು. ಸದ್ದಿಲ್ಲ.

"ತಟ್ಟೆಯೇ, ನೀನು ಯಾರದು?"

ಸದ್ದಿಲ್ಲ. ಆ ಊರು ಹುಟ್ಟಿದಾಗಿನಿಂದ ಗೋಡೆಗಳ ಗೊಣಗಾಟದಲ್ಲೇ ಬದುಕಿತ್ತು. ಸದ್ದಿಲ್ಲದ್ದು ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಜನಕ್ಕೆ ತಮ್ಮ ಉಸಿರು ತಮಗೇ ಕೇಳಿಸಿತು. ಗಾಣದ ಓಣಿಯ ಮುದುಕಿಯೊಬ್ಬಳು ಯಾರೋ ಕರೆದರೆಂದು ಹಿಂದೆ ತಿರುಗಿ ನೋಡಿದಳು; ಯಾರೂ ಕರೆದಿರಲಿಲ್ಲ.

"ತಟ್ಟೆಯೇ, ನೀನು ಯಾರದು?"

ಸದ್ದಿಲ್ಲ.

"ತಟ್ಟೆ ಸತ್ತಿದೆ," ಅಂದ ಹಿರಿಯ ಗೆರೆಗಾರ. "ನಾನು ಹೇಳಿದ್ದೆ. ಕೆಟ್ಟರೆ ಬೇರೆ ತಟ್ಟೆ ಇಲ್ಲ ಅಂದಿದ್ದೆ."

ಬೂದಿಯವಳು ಗುಂಪಿನಿಂದ ಹೊರಗೆ ಬಂದಳು. "ಸತ್ತಿಲ್ಲ ಹಿರಿಯರೇ. ಖಾಲಿ ಇದೆ. ನೀವು ಖಾಲಿ ತಟ್ಟೆ ನೋಡಿಲ್ಲ, ಅಷ್ಟೆ."

"ಬದುಕಿದೆ ಅನ್ನೋಕೆ ಏನು ಸಾಕ್ಷಿ?"

"ಯಾರದ್ದೋ ಅವರನ್ನೇ ಕೇಳೋಣ. ಮಗೂನ ಹತ್ತಿರ ತಾ."

ಮಗಳು ಮಗುವನ್ನು ತಂದು ಮುಳ್ಳಿನ ಪಕ್ಕ ಹಿಡಿದಳು. ಮಗು ಗಾಢ ನಿದ್ದೆಯಲ್ಲಿತ್ತು. ಊರು ಕಾಯಿತು. ಮಗು ತುಟಿ ಚಪ್ಪರಿಸಿ ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿತು.

"ಎಬ್ಬಿಸಮ್ಮ," ಅಂದರು ಯಾರೋ.

"ಈಗಷ್ಟೇ ಮಲಗಿದ್ದಾಳೆ. ನೀವು ಎಬ್ಬಿಸಿದ್ರೆ ನೀವೇ ಮಲಗಿಸಬೇಕು," ಅಂದಳು ಮಗಳು.

ಇಡೀ ಊರು, ಹಿರಿಯ ಗೆರೆಗಾರನೂ ಸೇರಿ, ಬೂದಿ ಓಣಿಯ ಹನ್ನೊಂದು ದಿನದ ಕೂಸು ಕಣ್ಣು ಬಿಡುವುದನ್ನೇ ಕಾಯುತ್ತ ನಿಂತಿತು. ಬೂದಿಯವಳು ಮೊಮ್ಮಗಳ ಹಣೆಯ ಮೇಲಿನ ಕೂದಲನ್ನು ಸರಿಸಿದಳು. ಅವಳ ಬೆರಳಿನಲ್ಲಿ ಏನಿತ್ತೋ, ಮಗುವಿನ ಮೂಗು ಸೊಟ್ಟಗಾಯಿತು, ಬಾಯಿ ತೆರೆಯಿತು, ಮೈಯೆಲ್ಲ ಒಮ್ಮೆ ಮುದುಡಿತು. ಸೀನಿತು.

ಮುಳ್ಳು ಆಡಿತು.

ಬೂದಿಯವಳು ಅದನ್ನು ಹಿಂದಕ್ಕೆ ತಂದು ಇಳಿಸಿದಳು. ತಟ್ಟೆ ಒಂದು ಸುತ್ತು ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಪುಟ್ಟದಾಗಿ ಸೀನಿತು.

ಅಷ್ಟೇ. ಹಿಂದೆ ಗೊಣಗಾಟವಿಲ್ಲ, ಕೆಳಗೆ ಇನ್ನೊಬ್ಬರ ದನಿಯಿಲ್ಲ. ಒಂದು ಸೀನು, ಸುತ್ತ ಬೇಕಾದಷ್ಟು ಜಾಗ. ಯಾರೋ ನಕ್ಕರು. ಇನ್ನೊಂದು ಸುತ್ತಿಗೆ ತಟ್ಟೆ ಮತ್ತೆ ಸೀನಿತು, ಗಡಿಗೆ ಓಣಿಯೆಲ್ಲ ನಕ್ಕಿತು. ಆಮೇಲೆ ಗಾಣದ ಓಣಿ. ಬೂದಿ ಓಣಿಯವರು ಎಲ್ಲರ ಮುಂದೆ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲ ಸಲ. ನಗುವ ಭರದಲ್ಲಿ ಎಲ್ಲರೂ ತಮ್ಮ ದೂರ ಮರೆತು ಹತ್ತಿರ ಬಂದಿದ್ದರು.

"ಬೂದಿ ಮೂಗಿಗೆ ಹೋಗಿದೆ," ಅಂದ ಒಬ್ಬ, ಸ್ವಲ್ಪ ಚುಚ್ಚುವ ಹಾಗೆ.

"ಹೋಗಿದೆ. ನಿಮ್ಮನೆ ಒಲೆಯದೇ," ಅಂದಳು ಬೂದಿಯವಳು.

ಹಿರಿಯ ಗೆರೆಗಾರ ಪಟ್ಟಿಯ ಮೊದಲ ಸಾಲನ್ನು ನೋಡುತ್ತಿದ್ದ. ಗೆರೆಗಳು ಅವನು ಎಳೆದದ್ದಕ್ಕಿಂತ ನೇರವಾಗಿದ್ದವು. ಅದನ್ನು ಅವನು ಹೇಳಲಿಲ್ಲ. "ಇಲ್ಲಿ ಕೆಲಸ ಬರೆದಿಲ್ಲ. ಏನಂತ ಬರೆಯಲಿ?"

"ಆ ಸಾಲು ಹಾಗೇ ಇರಲಿ ಹಿರಿಯರೇ. ಅವಳು ಮಾತು ಕಲೀಲಿ. ಆಮೇಲೆ ಅವಳನ್ನೇ ಕೇಳಿ."

ಮಾರನೆಯ ಬೆಳಿಗ್ಗೆ ಬೂದಿಯವಳು ಬಾಗಿಲು ತೆಗೆದರೆ ಬೂದಿ ಓಣಿಯ ಉದ್ದಕ್ಕೂ ಜನ. ಎಲ್ಲರ ಕಂಕುಳಲ್ಲೂ ಒಂದೊಂದು ಡಬ್ಬಿ. ಎಲ್ಲರಿಗಿಂತ ಮುಂದೆ ಒರೆಸುವವನು. "ಬಾಗಿಲು ತಟ್ಟೋದು ಬೇಡ ಅಂತ ಸುಮ್ಮನೆ ನಿಂತಿದ್ದೆ," ಅಂದ. ಅವನ ಹಿಂದೆ ಗಾಣದ ಓಣಿಯ ಮುದುಕಿ. "ನನ್ನದೂ ಒರೆಸಿಕೊಡ್ತೀಯೇನವ್ವ? ನಂದು ನಂದೇ ಹೋಗ್ಬಿಟ್ರೆ ಅಂತ ಭಯ."

"ಹೋಗಲ್ಲ ತಾಯಿ. ಪಟ್ಟಿಯಲ್ಲಿ ಇರೋದು ನಿಮ್ಮದು, ಅದನ್ನ ನಾನು ಮುಟ್ಟಲ್ಲ. ಪಟ್ಟಿಯಲ್ಲಿ ಇಲ್ಲದೆ ಒಳಗೆ ಕೂತು ಗೊಣಗುತ್ತಲ್ಲ, ಅಲ್ಲಿಗೆ ಸೊನ್ನೆ ಹಾಕ್ತೀನಿ. ಆ ಜಾಗವೂ ನಿಮ್ಮದಾಗುತ್ತೆ."

ಹೊತ್ತೇರಿದಾಗ ಗುಂಪು ಸರಿದು ದಾರಿ ಬಿಟ್ಟಿತು. ಹಿರಿಯ ಗೆರೆಗಾರ ಬರುತ್ತಿದ್ದ. ಯಾವಾಗಲೂ ಹೆಗಲಲ್ಲಿರುತ್ತಿದ್ದ ಶಾಲು ಇವತ್ತು ಇರಲಿಲ್ಲ. ಕಂಕುಳಲ್ಲಿ ಡಬ್ಬಿ ಇತ್ತು. ಅದನ್ನು ಬಚ್ಚಿಟ್ಟುಕೊಳ್ಳಲು ನೋಡಿ, ಆಗದೆ, ಎದುರಿಗೇ ಹಿಡಿದುಕೊಂಡಿದ್ದ. ರೂಢಿಯಂತೆ ನೇರವಾಗಿ ಮುಂದಕ್ಕೆ ನಡೆದುಬಂದ.

ಬೂದಿಯವಳು ಹೊಸಿಲ ಮೇಲೆ ಕೂತು ಬೂದಿಯ ಬುಟ್ಟಿಯೊಳಗೆ ಏನನ್ನೋ ಕೆದಕುತ್ತಿದ್ದಳು.

"ಸಾಲು ಅಲ್ಲಿಂದ ಶುರು ಹಿರಿಯರೇ," ಅಂದಳು, ಓಣಿಯ ತುದಿ ತೋರಿಸಿ.

ಹಿರಿಯ ಗೆರೆಗಾರ ಅವಳನ್ನು ನೋಡಿದ, ಸಾಲನ್ನು ನೋಡಿದ. ಓಣಿಯ ತುದಿಯತ್ತ ತಿರುಗಿದ. ನಾಲ್ಕು ಹೆಜ್ಜೆ ಹೋಗಿದ್ದ.

"ನಿಲ್ಲಿ."

ಅವಳು ಬುಟ್ಟಿಯಿಂದ ಗೆಣಸನ್ನು ತೆಗೆದು, ಊದಿ, ಅಂಗೈಯಿಂದ ಅಂಗೈಗೆ ಹಾಕಿ ಆರಿಸಿದಳು. ನೆಲದ ಮೇಲೆ ಇಡಲಿಲ್ಲ. ಅಲ್ಲಿ ಚಪ್ಪಡಿಯೂ ಇರಲಿಲ್ಲ. ಕೈ ಮುಂದೆ ಚಾಚಿದಳು.

"ಸಾಲು ಉದ್ದ ಇದೆ, ಹಸಿವಾಗುತ್ತೆ. ಗೆಣಸು ಬೆಂದಿದೆ, ಬನ್ನಿ. ಸಿಪ್ಪೆ ಸುಲಿದು ಕೊಡ್ತೀನಿ."

ಹಿರಿಯ ಗೆರೆಗಾರ ಡಬ್ಬಿಯನ್ನು ಎಡಗೈಗೆ ಬದಲಾಯಿಸಿದ. ಬಲಗೈ ಚಾಚಿದ.